ತತ್ತಿ ಇಡದ ಮೀನುಗಳು

ಕುಷ್ಟಗಿಯ ನಮ್ಮ ಮನೆಗೆ ತತ್ತಿ ಬರುವಂತಿರಲಿಲ್ಲ. ತತ್ತಿ ಹಾಕಿದ ಕೇಕೂ ಬರುವಂತಿರಲಿಲ್ಲ. ಕೋಳಿ ಮೊಟ್ಟೆ ಇಡುತ್ತದೆ ಎಂಬ ಸಾಲೆಯ ಪಾಠವನ್ನು ದೇವರ ಕೋಣೆಯ ಬಾಗಿಲಲ್ಲಿ ಕುಳಿತು ಗಟ್ಟಿಯಾಗಿ ಓದಿದ್ದಕ್ಕೆ ಅಜ್ಜಿ ನನ್ನನ್ನು ಬಾಯಿ ಮುಕ್ಕಳಿಸಿ ಬಾ ಎಂದು ಹಿತ್ತಲಿಗೆ ಅಟ್ಟಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು. ಅಪ್ಪ ಮತ್ತು ಕಾಕಾ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಮನೆಯೊಳಗಿನ ದರಬಾರು ಅಜ್ಜಿಯದು. ಅಜ್ಜಿ ಕೆಟ್ಟವಳೆಂದು ಯಾರೂ ತಿಳಿಯಬಾರದು. ಆಕೆ ಕೂಗಾಡುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಮೆಲ್ಲಗೆ ಒಂದು ಸಲ 'ಬ್ಯಾಡ' ಅನ್ನುತ್ತಿದ್ದಳು, ಅಲ್ಲಿಗೆ ಮುಗಿಯಿತು. ಅವ್ವ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಂಥ ಎಷ್ಟೋ 'ಬ್ಯಾಡ'ಗಳನ್ನು ನುಂಗಿಕೊಂಡು ಮಾತೇ ಮರೆತವಳ ಹಾಗೆ ಇದ್ದಳು. ನನ್ನ ಮೇಲೂ ಆ ಮಾತಿನ ಹಿಡಿತ ಹಾಗೇ ಉಳಿದಿದೆ. ಈಗ ಗಂಗಾವತಿಯ ನನ್ನ ಮನೆಯಲ್ಲಿ ನಾನೇ ಯಜಮಾನಿ, ಗೋಡೆಯುದ್ದಕ್ಕೂ ಮೀನಿನ ಟ್ಯಾಂಕುಗಳಿವೆ, ಕೇಳುವವರಿಲ್ಲ. ಆದರೂ ಯಾರಾದರೂ ದನಿ ಏರಿಸದೆ 'ಬ್ಯಾಡ' ಅಂದರೆ ಕೈಯಲ್ಲಿದ್ದುದನ್ನು ಇದ್ದಲ್ಲೇ ಇಟ್ಟುಬಿಡುತ್ತೇನೆ.

ಇಂಥ ಮನೆಗೆ ಮೀನು ತಂದವಳು ಚಿಗವ್ವ, ಕಾಕಾನ ಹೆಂಡತಿ ಗಿರಿಜಾ. ಆಕೆಯ ತವರು ಗಂಗಾವತಿ. ಎರಡನೆಯ ಬಸಿರೂ ನಿಲ್ಲದೆ ಹೋದ ಮೇಲೆ ಕೆಲವು ತಿಂಗಳು ತವರಿನಲ್ಲಿದ್ದು, ಮರಳಿ ಬರುವಾಗ ಕಾಕಾನ ತೊಡೆಯ ಮೇಲೆ ಒಂದು ಗಾಜಿನ ಟ್ಯಾಂಕು ಹೊರಿಸಿಕೊಂಡು, ತನ್ನ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಹಿಡಿದುಕೊಂಡು ಬಸ್ಸಿಳಿದಳು. ಅಜ್ಜಿ ಹೊಸ್ತಿಲಲ್ಲೇ ನಿಂತಿದ್ದಳು. ಚೀಲದೊಳಗಿನ ಜೀವಗಳು ಹರಿದಾಡುವುದನ್ನು ಕಂಡು ಆಕೆಯ ಮುಖ ಬಿಗಿಯಿತು.

"ಏನವು?"

"ಮೀನ್ರಿ ಅತ್ತಿ. ಬರೇ ನೋಡಾಕ."

"ನಾಳಿ ಮನಿ ತುಂಬ ತತ್ತಿ ಇಟ್ರ ಯಾರ ಬಳಿಯೋರು?"

"ಇವು ತತ್ತಿ ಇಡೂದಿಲ್ರಿ. ಆಕಳ ಹಂಗ ಮರಿ ಹಾಕ್ತಾವು."

ಅಜ್ಜಿ ಕಾಕಾನ ಮುಖ ನೋಡಿದಳು. ಕಾಕಾ ಟ್ಯಾಂಕನ್ನು ಕೆಳಗಿಳಿಸದೆಯೇ, "ಖರೇ ಐತಿ ಯವ್ವಾ, ಅಂಗಡ್ಯಾಂವ ಹೇಳ್ಯಾನ" ಎಂದ. ತತ್ತಿಗೆ ಅಜ್ಜಿಯ ಬಳಿ ಕಾಯಿದೆ ಇತ್ತು, ಹಡೆಯುವ ಮೀನಿಗೆ ಇರಲಿಲ್ಲ. ಹೀಗೆ ಗಪ್ಪಿ, ಮೋಲಿ, ಪ್ಲಾಟಿ, ಬಾಲದಲ್ಲಿ ಕತ್ತಿ ಚಾಚಿಕೊಂಡ ಸ್ವೋರ್ಡ್‌ಟೇಲ್, ಈ ನಾಲ್ಕು ಜಾತಿಯವು ನಮ್ಮ ಪಡಸಾಲೆಗೆ ಬಂದವು. ಮುಂದೆ ಕಾಕಾ ಬಂಗಾರದ ಬಣ್ಣದ ದೊಡ್ಡ ಮೀನು ತರುತ್ತೇನೆಂದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ಅದು ತತ್ತಿ ಇಡುವ ಜಾತಿ ಎಂದು ತಿಳಿದ ಮೇಲೆ ಆ ಮಾತು ಮತ್ತೆ ಏಳಲಿಲ್ಲ.

ಚಿಗವ್ವನಿಗೆ ಕುಷ್ಟಗಿಯ ನೀರು ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಕಾಲುವೆಯ ನೀರು ಕುಡಿದು ಬೆಳೆದವಳು, ನಮ್ಮ ಕೊಳವೆಬಾವಿಯ ಸವಳು ನೀರಿಗೆ ತಲೆಗೂದಲು ಉದುರುತ್ತದೆ, ಬೇಳೆ ಬೇಯುವುದಿಲ್ಲ ಎಂದು ಗೊಣಗುತ್ತಿದ್ದಳು. ಮೀನುಗಳಿಗೆ ಮಾತ್ರ ಆ ನೀರು ಹೇಳಿ ಮಾಡಿಸಿದಂತಿತ್ತು. ತವರಿನಲ್ಲಿ ರೆಕ್ಕೆ ಮುದುರಿಕೊಂಡು ಮೂಲೆ ಹಿಡಿಯುತ್ತಿದ್ದ ಮೋಲಿಗಳು ಇಲ್ಲಿ ಮೈದುಂಬಿಕೊಂಡವು. ಕಪ್ಪು ಬಣ್ಣದ ದೊಡ್ಡ ಮೋಲಿಯೊಂದಕ್ಕೆ ಅಜ್ಜಿಯೇ ಕರೆವ್ವ ಎಂದು ಹೆಸರಿಟ್ಟಳು. ಸಂಜೆ ಹೊತ್ತು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತು, ನೋಡಿದರೂ ನೋಡದ ಹಾಗೆ ಟ್ಯಾಂಕಿನ ಕಡೆ ಕಣ್ಣು ಹಾಯಿಸುತ್ತಿದ್ದಳು. ಪ್ಲಾಟಿಯ ಹಾಗೆ ಮೈಯೂ ಬಾಲದಲ್ಲಿ ಮೋಟು ಕತ್ತಿಯೂ ಇದ್ದ ಮರಿಯೊಂದು ಬೆಳೆದು ಕಾಣಿಸಿಕೊಂಡಾಗ, "ಇದು ಯಾರ ಪೈಕಿ?" ಎಂದು ವಿಚಾರಿಸಿದಳು.

"ಪ್ಲಾಟಿ ಮನಿಯಾಕಿಗೂ ಕತ್ತಿ ಮನಿಯಾಂವಗೂ ಸಂಬಂಧ ಆಗೇತ್ರಿ ಅತ್ತಿ."

"ಹಿರ್‍ಯಾರನ್ನ ಕೇಳದ?"

ಚಿಗವ್ವ ನಕ್ಕಳು. ಆಕೆ ನಕ್ಕದ್ದನ್ನು ನಾವೆಲ್ಲ ಬಹಳ ದಿನಗಳ ಮೇಲೆ ಕೇಳಿದ್ದು, ಅಜ್ಜಿಯೂ ಕೇಳಿದಳು, ಅದಕ್ಕೇ ಇರಬೇಕು ಟ್ಯಾಂಕಿನ ಸುದ್ದಿಗೆ ಅಷ್ಟು ದಿನ ಹೋಗಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ಅಜ್ಜಿ ಬಿಡಲಿಲ್ಲ. ಅಂಗಡಿಯವನು ಕೊಟ್ಟಿದ್ದ ಆಹಾರದ ಡಬ್ಬಿಯನ್ನು ಮೂಗಿಗೆ ಹಿಡಿದು, ಅದರಲ್ಲಿ ಏನಿದೆಯೆಂದು ಕಾಕಾನಿಂದ ಓದಿಸಿ, ಒಣಮೀನಿನ ಪುಡಿ ಎಂದು ಗೊತ್ತಾದ ಕೂಡಲೇ ಊರಾಚೆ ಎಸೆಸಿದಳು. ಅಂದಿನಿಂದ ನಮ್ಮ ಮೀನುಗಳೂ ಲಿಂಗ ಕಟ್ಟಿದವು. ಬೆಳಿಗ್ಗೆ ಜೋಳದ ರೊಟ್ಟಿಯ ಪುಡಿ, ಸಂಜೆ ಕುದಿಸಿದ ಪಾಲಕ. ಸೊಪ್ಪು ತಿನ್ನುವ ಕರೆವ್ವ ಅದರಲ್ಲೇ ಗುಂಡಗಾದಳು. ಉಳಿದವುಗಳ ಹೊಟ್ಟೆ ಒಳಸೇರಿತ್ತು, ರೊಟ್ಟಿಪುಡಿಯನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದವು. ಅದನ್ನು ನಾವು ಅವುಗಳ ಕೊಬ್ಬು ಎಂದುಕೊಂಡೆವು.

ಚಿಗವ್ವ ಮೂರನೆಯ ಸಲ ಬಸಿರಾದಳು. ಡಾಕ್ಟರು ಈ ಸಲ ಆಕೆ ಹಾಸಿಗೆ ಬಿಟ್ಟು ಏಳಬಾರದು, ಬಸ್ಸು ಹತ್ತುವುದಂತೂ ಬೇಡವೇ ಬೇಡ ಎಂದಿದ್ದರು. ಪಡಸಾಲೆಯಲ್ಲಿ ಟ್ಯಾಂಕಿನ ಎದುರಿಗೆ ಮಂಚ ಹಾಕಿದೆವು. ಅವ್ವ ಆಕೆಗೆ ಮಲಗಿದಲ್ಲೇ ಉಣಿಸುತ್ತಿದ್ದಳು, ಮಲಗಿದಲ್ಲೇ ತಲೆ ಬಾಚುತ್ತಿದ್ದಳು. ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗಲೆಲ್ಲ ಚಿಗವ್ವ ಮಾತು ನಿಲ್ಲಿಸಿ ನೀರನ್ನೇ ನೋಡುತ್ತಿದ್ದಳು. ಸಾಲೆಯಿಂದ ಬಂದವಳೇ ನಾನು ಆಕೆಯ ಕಾಲ ಬಳಿ ಕೂಡುತ್ತಿದ್ದೆ. ಹಡೆಯುವ ಹೊತ್ತು ಹತ್ತಿರವಾಗಿ ಯಾವ ಮೀನಿನ ಹೊಟ್ಟೆ ಚೌಕಾಗಿದೆ, ಯಾವುದು ಗುಂಪು ಬಿಟ್ಟು ಮೂಲೆ ಹುಡುಕುತ್ತಿದೆ, ಗಂಡುಗಳು ಯಾರ ಬೆನ್ನು ಬಿದ್ದು ಗೋಳು ಹೊಯ್ದುಕೊಳ್ಳುತ್ತಿವೆ ಎಂಬುದನ್ನೆಲ್ಲ ಆಕೆ ಮಲಗಿದಲ್ಲೇ ಹೇಳುತ್ತಿದ್ದಳು. ತುಂಬಿದ ಬಸುರಿ ಮೀನನ್ನು ಬಲೆಯಲ್ಲಿ ಹಿಡಿದು ಬೇರೆ ಕಡೆ ಹಾಕಬಾರದು, ಗಾಬರಿಗೆ ಮರಿಗಳನ್ನು ದಿನ ತುಂಬುವ ಮೊದಲೇ ಚೆಲ್ಲಿಬಿಡುತ್ತದೆ ಎಂದು ಒಮ್ಮೆ ಹೇಳಿ, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಒಂದು ದಿನ ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿಕೊಂಡು ಅಜ್ಜಿ ಪಡಸಾಲೆಗೆ ಬಂದಾಗ ಕೆಂಪು ಸ್ವೋರ್ಡ್‌ಟೇಲ್ ಹಡೆಯುತ್ತಿತ್ತು. ಅಜ್ಜಿ ಮೊದಲ ಸಲ ಅದನ್ನು ಕಂಡದ್ದು. ಕಡ್ಡಿಯಷ್ಟು ಸಣ್ಣ ಮರಿ ಕಳಚಿಕೊಂಡು ತಳಕ್ಕೆ ಇಳಿಯಿತು, ಮೈ ಬಿಚ್ಚಿತು, ಈಜಲು ಹೊರಟಿತು. ಅಜ್ಜಿಯ ಮುಖ ಅರಳಿತ್ತು. ಅಷ್ಟರಲ್ಲಿ ಆ ತಾಯಿ ಹಿಂದಕ್ಕೆ ತಿರುಗಿ ಅದನ್ನು ನುಂಗಿತು. ಎರಡನೆಯದನ್ನೂ ನುಂಗಿತು. ಉಳಿದವು ಬರುಬರುತ್ತಿದ್ದಂತೆ ಗಪ್ಪಿಗಳೂ ಪ್ಲಾಟಿಗಳೂ ಸೇರಿಕೊಂಡವು. ಚಿಗವ್ವ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡಿದ್ದಳು, ಆಕೆಗೆ ಇದು ಹೊಸದಲ್ಲ. ಅಜ್ಜಿ ಗೋಡೆ ಹಿಡಿದುಕೊಂಡು ನಿಂತಳು.

"ಹಡೆದಾಕೀನೇ ತಿಂದ್ಲಲ್ಲ. ಬಸುರಿ ಕಣ್ಣ ಮುಂದ ಇದು ಬ್ಯಾಡ. ತಗಸ್ರಿ."

"ಅದನ್ನ ಒಯ್ದ್ರ ನಾನೂ ಎದ್ದ ಹೋಗ್ತೀನ್ರಿ ಅತ್ತಿ," ಎಂದಳು ಚಿಗವ್ವ, ಕಣ್ಣು ತೆರೆಯದೆ. "ಗಂಗಾವತಿ ಬಸ್ಸು ಹತ್ತತೀನಿ. ಈ ಫ್ಯಾನ್ ನೋಡ್ಕೋಂತ ನಾ ಮಲಗಂಗಿಲ್ಲ."

"ಗಾಜಿನ ಪೆಟ್ಟಿಗ್ಯಾಗ ಜೀವ ಇಟ್ಟು ನೋಡ್ಕೋಂತ ಕುಂಡ್ರೂದ ಪಾಪ. ಅದರಾಗ ಇಂಥಾ ಜೀವ."

"ಪಾಪ ನಂಗ ಇರಲ್ರಿ."

ಅಜ್ಜಿಗೆ ಎದುರು ಮಾತು ಕೇಳಿ ಅಭ್ಯಾಸವಿರಲಿಲ್ಲ. ಚಿಗವ್ವ ಎದ್ದರೆ ಏನಾದೀತೆಂಬುದು ಆಕೆಗೂ ಗೊತ್ತಿತ್ತು. ಕರೆವ್ವನ ತುಂಬಿದ ಹೊಟ್ಟೆಯ ಕಡೆ ಬೆರಳು ತೋರಿಸಿದಳು. ಈಕೆ ಹಡೆಯಲಿ, ಈಕೆಯ ಮರಿಗಳೂ ಹೀಗೇ ಹೋದರೆ ಅದೇ ದಿನ ಪೆಟ್ಟಿಗೆ ಹೊರಗೆ ಎಂದು ಹೇಳಿ ಒಳಗೆ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಇಬ್ಬರು ಬಸುರಿಯರ ಕಾವಲು ಶುರುವಾಯಿತು. ನಾನಂತೂ ಸಾಲೆಯಲ್ಲಿ ಲೆಕ್ಕ ಬಿಡಿಸುವಾಗಲೂ ಕರೆವ್ವನನ್ನೇ ನೆನೆಯುತ್ತಿದ್ದೆ. ಮೀನಿನ ಮರಿ ಉಳಿಯದಿದ್ದರೆ ಟ್ಯಾಂಕು ಹೋಗುತ್ತದೆ, ಟ್ಯಾಂಕು ಹೋದರೆ ಚಿಗವ್ವ ಏಳುತ್ತಾಳೆ, ಚಿಗವ್ವ ಎದ್ದರೆ ಕೂಸು ಉಳಿಯುವುದಿಲ್ಲ. ಆ ವಯಸ್ಸಿಗೆ ಅದು ಹೊರಲಾರದ ಭಾರವಾಗಿತ್ತು, ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಕಾಕಾ ಗಂಗಾವತಿಗೆ ಹೋಗಿ ಕಾಲುವೆಯ ಹಸಿರು ಪಾಚಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದ. ಮರಿಗಳಿಗೆ ಅಡಗಲು ಜಾಗವಾಗಲೆಂದು ಟ್ಯಾಂಕಿನ ಅರ್ಧಕ್ಕೆ ಅದನ್ನು ತುಂಬಿದೆವು. ಆದರೆ ಹಸಿದವರಿಗೆ ಪಾಚಿ ಅಡ್ಡವೇ? ಸ್ವೋರ್ಡ್‌ಟೇಲ್ ಪಾಚಿಯ ಸಂದಿಯಲ್ಲಿ ಮೂಗು ತೂರಿಸಿಕೊಂಡು ಹುಡುಕುತ್ತಲೇ ಇತ್ತು. ಆಗ ನಡೆದದ್ದನ್ನು ಕಂಡವರು ನಾನು ಮತ್ತು ಚಿಗವ್ವ ಮಾತ್ರ. ನಮ್ಮ ಕಡೆ ನಳದ ನೀರು ಯಾವಾಗಲೋ ಒಮ್ಮೆ ಬರುತ್ತದೆ. ಹಿತ್ತಲ ತೊಟ್ಟಿಯಲ್ಲಿ ತುಂಬಿಟ್ಟ ನೀರನ್ನು ಅವ್ವ ದಿನವೂ ಕೊಡದ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ ಸೋಸುತ್ತಿದ್ದಳು. ಬಟ್ಟೆಯಲ್ಲಿ ಉಳಿಯುವ ಸೊಳ್ಳೆಮರಿಗಳನ್ನು, ಕುಣಿಯುವ ಆ ಹುಳಗಳನ್ನು, ಹಿತ್ತಲ ಕಲ್ಲಿನ ಮೇಲೆ ಜಾಡಿಸುತ್ತಿದ್ದಳು. ಅಜ್ಜಿ ಮಠಕ್ಕೆ ಹೋಗಿದ್ದ ಒಂದು ಸೋಮವಾರ ಅವ್ವ ಆ ಬಟ್ಟೆಯನ್ನು ಹಾಗೆಯೇ ಮುದುರಿ ಹಿಡಿದುಕೊಂಡು ಪಡಸಾಲೆಗೆ ಬಂದು, ಟ್ಯಾಂಕಿನ ಮುಚ್ಚಳ ಸರಿಸಿ ನೀರಿನಲ್ಲಿ ಅದ್ದಿ ಜಾಡಿಸಿದಳು. ಮೀನುಗಳು ಮೇಲೆ ಬಂದ ವೇಗಕ್ಕೆ ನೀರು ಹೊರಗೆ ಚಿಮ್ಮಿತು. ಅವು ಅಷ್ಟು ಹಸಿದಿದ್ದವೆಂದು ನನಗೆ ಆಗ ತಿಳಿಯಿತು. ಚಿಗವ್ವ ಮಂಚದ ಮೇಲಿಂದ ಅವ್ವನನ್ನೇ ನೋಡುತ್ತಿದ್ದಳು.

"ಅಕ್ಕಾ, ಅತ್ತಿ ಕಂಡ್ರ?"

"ಕಂಡಾಗ ನೋಡೂಣ. ನೀ ಮಲಕೋ."

ಅವ್ವನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ದಿನವೂ ಅಜ್ಜಿ ಪೂಜೆಗೆ ಕುಳಿತ ಹೊತ್ತಿಗೆ ಅವ್ವ ಬಟ್ಟೆ ಹಿಡಿದು ಬರುತ್ತಿದ್ದಳು, ನಾನು ದೇವರ ಕೋಣೆಯ ಬಾಗಿಲ ಕಡೆ ಕಣ್ಣಿಟ್ಟಿರುತ್ತಿದ್ದೆ. ಕೆಲವೇ ದಿನಗಳಲ್ಲಿ ಮೀನುಗಳ ಬಣ್ಣ ತಿರುಗಿತು, ಒಂದನ್ನೊಂದು ಕಚ್ಚುವುದು ಕಡಿಮೆಯಾಯಿತು. ಕರೆವ್ವ ಹಡೆದಳು. ಮರಿಗಳು ಪಾಚಿಯೊಳಗೆ ಚದುರಿದವು. ಸ್ವೋರ್ಡ್‌ಟೇಲ್ ಒಮ್ಮೆ ಅತ್ತ ಹೋಗಿ, ಮೂಸಿ, ತಿರುಗಿ ಬಂತು. ಒಂದೆರಡು ಹೋಗಿರಬಹುದು, ಆದರೆ ಸಂಜೆಯ ಹೊತ್ತಿಗೆ ಪಾಚಿಯ ತುಂಬ ಕಪ್ಪು ಚುಕ್ಕೆಗಳು ಆಡುತ್ತಿದ್ದವು. ಅಜ್ಜಿ ಕನ್ನಡಕ ಹಾಕಿಕೊಂಡು ಗಾಜಿಗೆ ಹಣೆ ಹಚ್ಚಿ ನೋಡಿದಳು. "ನಮ್ಮ ಕರೆವ್ವ ಮನಿತನಸ್ಥ ಹೆಣ್ಣು" ಎಂದಳು. ಆ ದಿನ ಆಕೆ ಚಿಗವ್ವನಿಗೆ ತಾನೇ ಉಣಿಸಿದಳು.

ಸುಖ ಬಹಳ ದಿನ ಇರಲಿಲ್ಲ. ಮಠದ ಪ್ರವಚನ ಬೇಗ ಮುಗಿದು ಅಜ್ಜಿ ಒಂದು ದಿನ ಎಂದಿಗಿಂತ ಮುಂಚೆ ಕಾಕಾನ ಜೊತೆ ಮರಳಿದಳು. ಅವ್ವನ ಕೈ ಟ್ಯಾಂಕಿನೊಳಗಿತ್ತು.

"ಶಾಂತವ್ವ, ಏನ ಹಾಕಿದಿ?"

"ನೀರಿನ ಹುಳ್ರಿ."

"ಜೀವ ಇದ್ದುವ?"

"ಹೂಂನ್ರಿ."

"ಲಿಂಗ ಮುಟ್ಟು ಕೈಲೆ ಜೀವ ತಿನಿಸಿದಿ. ನನ್ನ ಮನಿಯಾಗ."

ಅವ್ವ ಬಟ್ಟೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡಳು.

"ಇಷ್ಟ ವರ್ಷ ಅವನ್ನ ಹಿತ್ತಲ ಕಲ್ಲಿನ ಮ್ಯಾಲ ಜಾಡಿಸಿದ್ನೆಲ್ರಿ ಅತ್ತಿ, ನೀವು ಹೇಳಿದಂಗ. ಬಿಸಲಾಗ ಅಲ್ಲೇ ಒಣಗಿ ಸಾಯ್ತಿದ್ದುವು. ಅದಕ್ಕ ಯಾರೂ ಏನೂ ಅನ್ಲಿಲ್ಲ. ಈಗ ಅವು ಯಾರದರೆ ಹೊಟ್ಟಿಗೆ ಹೋಗ್ಯಾವು."

ಅಜ್ಜಿ ಕಾಕಾನ ಕಡೆ ತಿರುಗಿ, "ತಂತಿ ಕೀಳು" ಎಂದಳಷ್ಟೇ. ಕಾಕಾ ಗೋಡೆಯಿಂದ ಪಂಪಿನ ಪ್ಲಗ್ಗು ಕಿತ್ತ. ನೀರಿನೊಳಗಿನ ಗುಳ್ಳೆಗಳು ನಿಂತವು. ಆ ಸದ್ದು ನಿಂತದ್ದೇ ತಡ, ಮಂಚ ಕಿರುಗುಟ್ಟಿತು. ಚಿಗವ್ವ ಎದ್ದು ಕುಳಿತಿದ್ದಳು. ಎರಡೂ ಪಾದಗಳನ್ನು ನೆಲಕ್ಕೆ ಊರಿದ್ದಳು. ನೆಲ ಮುಟ್ಟಿ ತಿಂಗಳುಗಳಾಗಿದ್ದ ಆ ಪಾದಗಳು ಊದಿಕೊಂಡು ಬೆಳ್ಳಗಿದ್ದವು. ಯಾರೂ ಮುಂದೆ ಹೋಗಲಿಲ್ಲ, ಹಿಡಿಯಲು ಹೋದರೆ ಆಕೆ ಎದ್ದೇ ಬಿಡುತ್ತಾಳೆ ಎಂಬ ಭಯ ಎಲ್ಲರಿಗೂ ಇತ್ತು.

"ಕಾಲ ಮ್ಯಾಲ ತಗೋ ಗಿರಿಜವ್ವ," ಎಂದಳು ಅಜ್ಜಿ.

"ಮೊದಲ ಅದು ಚಾಲೂ ಆಗಲ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಇದ್ದರು. ಅಜ್ಜಿಯ ಕತ್ತಿನ ನರ ಎದ್ದು ಕಾಣುತ್ತಿತ್ತು. ಕೊನೆಗೆ ಆಕೆ ಕಾಕಾನಿಗೆ, "ಹಚ್ಚು" ಎಂದಳು. ಗುಳ್ಳೆಗಳು ಎದ್ದವು, ಚಿಗವ್ವ ಕಾಲು ಮೇಲೆ ತೆಗೆದುಕೊಂಡಳು, ಅವ್ವ ಆಕೆಗೆ ಹೊದಿಸಿದಳು. ಅಜ್ಜಿ ಪಡಸಾಲೆಯಿಂದ ಹೊರನಡೆದವಳು ಮತ್ತೆ ಅಲ್ಲಿ ಕಾಲಿಡಲಿಲ್ಲ.

ಆ ಮುನಿಸು ಮನೆಯನ್ನೇ ಹಿಂಡಿತು. ಬೀದಿಗೆ ಹೋಗಬೇಕಾದರೆ ಅಜ್ಜಿ ಹಿತ್ತಲಿನಿಂದ ಸಂದಿ ಹಿಡಿದು, ಬಿಸಿಲಿನಲ್ಲಿ ಮನೆಯನ್ನೆಲ್ಲ ಬಳಸಿಕೊಂಡು ಬರುತ್ತಿದ್ದಳು. ಅವ್ವನ ಕೈಯ ನೀರು ಬಿಟ್ಟಳು. ತನ್ನ ಕೊಡಕ್ಕೆ ತಾನೇ ಸೋಸಿಕೊಳ್ಳುತ್ತಿದ್ದಳು, ಸೋಸಿದ ಬಟ್ಟೆಯನ್ನು ಹಿತ್ತಲ ಕಲ್ಲಿನ ಮೇಲೆ ಜಾಡಿಸದೆ ತೊಟ್ಟಿಯ ನೀರಿಗೇ ಮರಳಿ ಅದ್ದುತ್ತಿದ್ದಳು. ಅವ್ವನ ಮಾತು ಆಕೆಗೆ ನಾಟಿತ್ತು, ಆದರೆ ಒಪ್ಪಿಕೊಳ್ಳುವ ಬಾಯಿ ಆಕೆಗಿರಲಿಲ್ಲ. ಊಟಕ್ಕೆ ಕುಳಿತರೆ ಅಪ್ಪ ತಟ್ಟೆ ನೋಡುತ್ತಿದ್ದ, ಕಾಕಾ ಬಾಗಿಲು ನೋಡುತ್ತಿದ್ದ.

ಏಳು ತಿಂಗಳು ತುಂಬಿದಾಗ ಕುಬಸ, ಅಂದರೆ ಸೀಮಂತ, ಮಾಡಬೇಕಿತ್ತು. ಚಿಗವ್ವನನ್ನು ಎಬ್ಬಿಸುವಂತಿಲ್ಲ, ಹಾಗಾಗಿ ಮಂಚದಲ್ಲೇ ದಿಂಬಿಗೆ ಒರಗಿಸಿ ಹಸಿರು ಸೀರೆ ಹೊದಿಸಿ, ಹಸಿರು ಬಳೆ ತೊಡಿಸಿ ಕೂರಿಸಿದರು. ಕುಬಸದ ಖಣವನ್ನು ಅಜ್ಜಿ ದೇವರ ಕೋಣೆಯ ಬಾಗಿಲಿನಿಂದಲೇ ಚಾಚಿದಳು, ಅವ್ವ ಈಸಿಕೊಂಡಳು. ಓಣಿಯ ಹೆಂಗಸರು ಆರತಿ ಹಿಡಿದು ನಿಂತರೂ ಹಾಡು ಏಳಲಿಲ್ಲ. ನಮ್ಮ ಓಣಿಯಲ್ಲಿ ಸೋಬಾನೆ ಎತ್ತಿಕೊಡುವವಳು ಅಜ್ಜಿಯೇ. ಎಲ್ಲರೂ ಆ ಬಾಗಿಲ ಕಡೆ ನೋಡಿದರು. ಬಹಳ ಹೊತ್ತಾದ ಮೇಲೆ ಒಳಗಿನಿಂದ, ಗೋಡೆಯ ಆಚೆಯಿಂದ, ಅಜ್ಜಿಯ ಒಡಕು ದನಿ ಎದ್ದಿತು. ಹೆಂಗಸರು ಸೊಲ್ಲು ಕೂಡಿಸಿದರು. ಚಿಗವ್ವ ಹಸಿರು ಬಳೆಯ ಕೈಯಿಂದ ಕಣ್ಣೊರೆಸಿಕೊಂಡಳು, ನನಗೂ ಅಳು ಬಂತು.

ಅದಾದ ಸ್ವಲ್ಪ ದಿನಕ್ಕೇ, ಇನ್ನೂ ದಿನ ತುಂಬದೆಯೇ, ನೋವು ಕಾಣಿಸಿಕೊಂಡಿತು. ಜೀಪಿನಲ್ಲಿ ಹಾಸಿಗೆ ಹಾಸಿ ಚಿಗವ್ವನನ್ನು ಕೊಪ್ಪಳದ ಆಸ್ಪತ್ರೆಗೆ ಒಯ್ದರು, ಅವ್ವನೂ ಕಾಕಾನೂ ಜೊತೆಗೆ ಹೋದರು. ಹೆಣ್ಣು ಕೂಸು ಹುಟ್ಟಿದೆ, ತೀರ ಸಣ್ಣದಿದೆ, ಏನೂ ಹೇಳಲಾಗುವುದಿಲ್ಲ ಎಂಬ ಸುದ್ದಿ ಬಂತು. ಮನೆಯಲ್ಲಿ ನಾನು, ಅಪ್ಪ, ಅಜ್ಜಿ. ಮೀನುಗಳಿಗೆ ರೊಟ್ಟಿಪುಡಿ ಹಾಕಿದೆ. ಬಟ್ಟೆ ಜಾಡಿಸುವ ಧೈರ್ಯ ನನಗಾಗಲಿಲ್ಲ. ಕೆಂಪು ಸ್ವೋರ್ಡ್‌ಟೇಲ್ ಮತ್ತೆ ತುಂಬಿಕೊಂಡಿತ್ತು.

ಕೆಲವು ದಿನಗಳ ಮೇಲೆ ಅಪ್ಪ ನನ್ನನ್ನೂ ಅಜ್ಜಿಯನ್ನೂ ಕೊಪ್ಪಳಕ್ಕೆ ಕರೆದೊಯ್ದ. ಹಾಸಿಗೆಯಲ್ಲಿ ಬಿಳಿಚಿಕೊಂಡು ಮಲಗಿದ್ದ ಚಿಗವ್ವ ನನ್ನನ್ನು ಕಂಡ ಕೂಡಲೇ ಕೇಳಿದ್ದು ಮೀನುಗಳನ್ನು.

"ಕತ್ತಿಯಾಕಿಗೆ ಏನ ಹಾಕೀದಿ?"

"ರೊಟ್ಟಿ."

"ರೊಟ್ಟಿ ಹಾಕಿದ್ರ ತಿಂತಾಳಲ್ಲ ವಿಜಿ, ಮರಿನ."

ಅಜ್ಜಿ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ನರ್ಸು ನಮ್ಮನ್ನು ಇನ್ನೊಂದು ಕೋಣೆಗೆ ಕರೆದೊಯ್ದಳು. ಕೂಸು ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಒಳಗೆ ದೀಪ, ಹೊರಗೆ ತಂತಿ, ಮೂಗಿನಲ್ಲಿ ನಳಿಕೆ. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಿದ್ದ ಎದೆ ಬೇಗಬೇಗ ಏರಿಳಿಯುತ್ತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡಳು. ಗಾಜಿನ ಹತ್ತಿರಕ್ಕೆ ಹೋಗಿ, ಮುಟ್ಟಬಾರದೆಂದು ಕೈಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನೋಡಿದಳು. ಎಷ್ಟು ಹೊತ್ತು ನೋಡಿದಳೋ.

"ಏನ ಕುಡಸ್ತೀಯವ್ವ ಇದಕ್ಕ?"

"ತಾಯಿಗೆ ಇನ್ನೂ ಹಾಲು ಬಂದಿಲ್ಲಜ್ಜಿ. ಡಬ್ಬಿ ಹಾಲು ಹಾಕ್ತೀವ್ರಿ."

ಡಬ್ಬಿ ಎಂಬ ಮಾತಿಗೆ ನಾನು ಅಜ್ಜಿಯ ಮುಖ ನೋಡಿದೆ. ಮೂಗಿಗೆ ಹಿಡಿದು, ಓದಿಸಿ, ಊರಾಚೆ ಎಸೆಸುವ ಅಜ್ಜಿ ಅದು.

"ಹಾಕ್ರಿ," ಎಂದಳು. "ಬದುಕಾಕ ಏನ ಬೇಕೋ ಅದನ್ನ ಹಾಕ್ರಿ."

ಆ ಕೂಸು ಬದುಕಿತು. ಈಗ ಕೊಪ್ಪಳದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೀನು ಕಂಡರೆ ಆಕೆಗೆ ಬೇಸರ, ಹಾಸ್ಟೆಲಿನಲ್ಲಿ ತತ್ತಿ ತಿನ್ನುತ್ತಾಳೆಂಬ ಗುಮಾನಿಯೂ ನನಗಿದೆ. ಆದರೆ ಆ ದಿನ ನಮಗೆ ಯಾರಿಗೂ ಇದೆಲ್ಲ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಕುಷ್ಟಗಿಗೆ ಮರಳಿದೆವು. ಮನೆ ಬಂದಾಗ ನಾನು ಆಕೆ ಎಂದಿನಂತೆ ಸಂದಿ ಹಿಡಿಯುತ್ತಾಳೆಂದು ನಿಂತೆ. ಅಜ್ಜಿ ಮುಂಬಾಗಿಲು ತೆರೆಸಿ ನೇರ ಪಡಸಾಲೆಗೆ ನಡೆದಳು. ಬರಿದಾದ ಮಂಚವನ್ನು ದಾಟಿ ಹಿತ್ತಲಿಗೆ ಹೋದಳು. ತೊಟ್ಟಿಯ ನೀರನ್ನು ತಂಬಿಗೆ ತಂಬಿಗೆಯಾಗಿ ಎತ್ತಿ ಧೋತರದ ತುಂಡಿನ ಮೇಲೆ ಸುರಿಯುವ ಸದ್ದು ಕೇಳಿಸಿತು. ಬಟ್ಟೆಯನ್ನು ಎರಡೂ ಕೈಯಲ್ಲಿ, ಪ್ರಸಾದ ಹಿಡಿದ ಹಾಗೆ ಹಿಡಿದುಕೊಂಡು ಬಂದು ಟ್ಯಾಂಕಿನ ಮುಂದೆ ನಿಂತಳು.

"ಮುಚ್ಚಳ ತಗಿ ವಿಜಿ."

ತೆಗೆದೆ. ಕಾಯಿ ಒಡೆಯುವ, ಲಿಂಗ ಮುಟ್ಟುವ ಆ ಕೈ ಮೊಣಕೈವರೆಗೆ ನೀರಿಗಿಳಿಯಿತು. ಬಟ್ಟೆ ಬಿಚ್ಚಿಕೊಂಡಿತು. ಗಪ್ಪಿಗಳು, ಪ್ಲಾಟಿಗಳು, ಕರೆವ್ವ, ಎಲ್ಲಕ್ಕಿಂತ ಮುಂದೆ ಆ ಕೆಂಪು ಬಸುರಿ, ಎಲ್ಲವೂ ಅಜ್ಜಿಯ ಬೆರಳುಗಳ ಸುತ್ತ ಮುತ್ತಿಕೊಂಡವು. ಅಜ್ಜಿ ಕೈ ಹಿಂದಕ್ಕೆ ತೆಗೆಯಲಿಲ್ಲ.

"ತಿನ್ರಿ," ಎಂದಳು ಮೆಲ್ಲಗೆ. "ಹೊಟ್ಟಿ ತುಂಬ ತಿನ್ರಿ. ಮಕ್ಕಳನ್ನ ಬಿಡ್ರಿ."